ಹೊಸ್ತಿಲ ಆಚೆ ಈಚೆ: ಹಾಲ್ ನೆಲಕ್ಕೆ ಒಪ್ಪುವ ಪ್ಯಾಟಿಯೊ ಟೈಲ್ಸ್ ಹುಡುಕಿದ ಒಂದು ಪ್ರಕರಣ

ಇದು ನಾನು ಒಳಾಂಗಣ ವಿನ್ಯಾಸ ಮಾಡಿಕೊಟ್ಟ ಒಂದು ಮನೆಯ ಕತೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರು ಯಾರು, ಮನೆ ಎಲ್ಲಿದೆ ಅನ್ನುವುದು ಗೊತ್ತಾಗಬಾರದು ಅಂತ ಕೆಲವು ವಿವರ ಬಿಟ್ಟಿದ್ದೇನೆ. ಅಳತೆಗಳು ಮತ್ತು ನಾವು ತೆಗೆದುಕೊಂಡ ತೀರ್ಮಾನಗಳು ಮಾತ್ರ ಇದ್ದದ್ದು ಇದ್ದ ಹಾಗೇ ಇವೆ. ನಾವು ಎಡವಿದ್ದನ್ನೂ ಸೇರಿಸಿದ್ದೇನೆ, ಯಾಕೆಂದರೆ ಬೇರೆಯವರಿಗೆ ಜಾಸ್ತಿ ಉಪಯೋಗಕ್ಕೆ ಬರುವುದು ಅದೇ.

ಹಿನ್ನೆಲೆ

ಮನೆಯಲ್ಲಿ ಗಂಡ, ಹೆಂಡತಿ, ಹೆಂಡತಿಯ ತಾಯಿ. ಹಾಲ್‌ನಲ್ಲಿ ನಾಲ್ಕು ವರ್ಷದ ಹಿಂದೆ ಹಾಕಿಸಿದ ಪಾಲಿಶ್ ವಿಟ್ರಿಫೈಡ್ ಟೈಲ್ಸ್. ಒಂದೊಂದು 600 x 1200 ಮಿ.ಮೀ. ಬಣ್ಣ ಕೆನೆ ಬಣ್ಣಕ್ಕೆ ಹತ್ತಿರ, ನಡುನಡುವೆ ಕಂದು ಗೆರೆಗಳು. ಎರಡು ಟೈಲ್ಸ್ ನಡುವೆ 2 ಮಿ.ಮೀ. ಸಂದು. ಚೊಕ್ಕವಾಗಿ ಹಾಕಿದ್ದರು.

ಹಾಲ್‌ನ ಒಂದು ಗೋಡೆಯಲ್ಲಿ 3 ಮೀಟರ್ ಅಗಲದ ಗಾಜಿನ ಸ್ಲೈಡಿಂಗ್ ಬಾಗಿಲು. ಅದನ್ನು ದಾಟಿದರೆ ಪ್ಯಾಟಿಯೊ, ಅಂದರೆ ಮನೆಗೆ ಹೊಂದಿದ ತೆರೆದ ಅಂಗಳ. ಗೋಡೆಯುದ್ದಕ್ಕೂ 5 ಮೀಟರ್, ಹೊರಗಡೆಗೆ 3 ಮೀಟರ್. ಬಿರುಕು ಬಿಟ್ಟ ಸಿಮೆಂಟ್ ನೆಲ, ಮೇಲೆ ಚಾವಣಿ ಇಲ್ಲ. ಬಿಸಿಲು, ಮಳೆ ಎರಡೂ ನೇರವಾಗಿ ಬೀಳುತ್ತವೆ.

ಅವರ ಆಸೆ ಸರಳವಾಗಿತ್ತು. ಬಾಗಿಲು ಪೂರ್ತಿ ಸರಿಸಿದಾಗ ಒಳಗೂ ಹೊರಗೂ ಒಂದೇ ನೆಲ ಅನ್ನಿಸಬೇಕು. ಹಾಲ್ ದೊಡ್ಡದಾಗಿ ಕಾಣಬೇಕು. ಇಂಥ ಚಿತ್ರಗಳನ್ನು ನಾವೆಲ್ಲ ನೋಡಿರುತ್ತೇವೆ, ಅಲ್ವಾ? ಗಾಜಿನ ಬಾಗಿಲು, ಅದರ ಕೆಳಗೆ ಎಲ್ಲೂ ಮುರಿಯದೆ ಹರಿದು ಹೋಗುವ ನೆಲ. ನನಗೂ ಆ ಆಸೆ ತಪ್ಪು ಅನ್ನಿಸಲಿಲ್ಲ. ಆಗ ನಾನು "ಮಾಡೋಣ" ಅಂದುಬಿಟ್ಟೆ.

ಮೊದಲು ಹೊಳೆದದ್ದು: ಒಳಗಿನದನ್ನೇ ಹೊರಗೂ ಹಾಕೋಣ

ಮನೆಯ ಯಜಮಾನರ ಹತ್ತಿರ ಹಾಲ್ ಕೆಲಸದಲ್ಲಿ ಉಳಿದ ಎರಡು ಬಾಕ್ಸ್ ಟೈಲ್ಸ್ ಇತ್ತು. ಅದೇ ಮಾದರಿ ಇನ್ನೂ ಸಿಗುತ್ತಿತ್ತು ಕೂಡ. "ಅದನ್ನೇ ಹಾಕಿದರೆ ಬಣ್ಣದ ತಲೆನೋವೇ ಇರಲ್ಲ" ಅಂದರು.

ವಾದ ಮಾಡುವ ಬದಲು ಒಂದು ಟೈಲ್ ಹೊರಗೆ ತಂದು ಸಿಮೆಂಟ್ ನೆಲದ ಮೇಲಿಟ್ಟೆವು. ಒಂದು ಮಗ್ ನೀರು ಹೊಯ್ದು, ಅವರನ್ನೇ ಗೋಡೆ ಹಿಡಿದುಕೊಂಡು ಕಾಲಿಡಲು ಹೇಳಿದೆ. ಹಿಮ್ಮಡಿ ಊರುತ್ತಲೇ ಜರ್ರನೆ ಮುಂದೆ ಹೋಯಿತು. ಗೋಡೆ ಹಿಡಿದಿದ್ದಕ್ಕೆ ಬೀಳಲಿಲ್ಲ. ಅವರು ಮಾತಾಡದೆ ಟೈಲ್ ಎತ್ತಿ ಒಳಗಿಟ್ಟರು. ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಬೆಳಗಿನ ಬಿಸಿಲಿಗೆ ದಿನವೂ ಕೂರುವುದು ಅಲ್ಲಿಯೇ.

ಪಾಲಿಶ್ ಟೈಲ್ಸ್ ಹೊರಗೆ ಬೇಡ ಅನ್ನುವುದು ಇಷ್ಟಕ್ಕೇ. ಕಾಲಿನ ಕೆಳಗಿನ ನೀರಿಗೆ ಹೋಗಲು ಜಾಗವೇ ಇರುವುದಿಲ್ಲ. ಹೊರಗಿನ ಟೈಲ್ಸ್‌ಗೆ ಜಾರದ ಗುಣ ಅಳೆಯುವ ಗುರುತುಗಳಿವೆ. ಆರ್-9ರಿಂದ ಆರ್-13ರವರೆಗೆ ಹೋಗುವ ಜರ್ಮನಿಯ ಅಳತೆ ಹೆಚ್ಚು ಬಳಕೆಯಲ್ಲಿದೆ. ಎಣ್ಣೆ ಸವರಿದ ಇಳಿಜಾರಿನ ಮೇಲೆ ಶೂ ಹಾಕಿದ ಒಬ್ಬರನ್ನು ನಡೆಸಿ, ಎಷ್ಟು ಡಿಗ್ರಿಯವರೆಗೆ ನಿಲ್ಲುತ್ತಾರೆ ಅಂತ ನೋಡುತ್ತಾರೆ. ಆರ್-9 ಅಂದರೆ 6ರಿಂದ 10 ಡಿಗ್ರಿ. ಆರ್-11 ಅಂದರೆ 19ರಿಂದ 27 ಡಿಗ್ರಿ. ಮಳೆ ಬೀಳುವ ಪ್ಯಾಟಿಯೊಗೆ ಆರ್-11 ಕೇಳಬೇಕು. ಬರಿಗಾಲಿಗೆ ಎ, ಬಿ, ಸಿ ಅನ್ನುವ ಬೇರೆಯದೇ ಪರೀಕ್ಷೆ ಇದೆ, ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಜಾರುವುದು ಸಿ. ಅಂಗಡಿಯಲ್ಲಿ ಬೆರಳಿಂದ ಸವರಿ "ಒರಟಾಗಿದೆ, ಸಾಕು" ಅನ್ನುವುದು ಸಾಲದು. ಒಣಗಿದಾಗ ಒರಟಾಗಿ ಸಿಗುವ ಕೆಲವು ಟೈಲ್ಸ್ ಒದ್ದೆಯಾದರೆ ಕೈಕೊಡುತ್ತವೆ.

ಎರಡನೆಯದು: ಅದೇ ಬಣ್ಣ, ಒರಟು ಮೈ

ಈ ಕೆಲಸದ ನಿಜವಾದ ಪಾಠ ಇಲ್ಲಿಯೇ ಇದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದೇ ವಿನ್ಯಾಸವನ್ನು ಒಳಗೆ ಪಾಲಿಶ್‌ನಲ್ಲಿ, ಹೊರಗೆ ಒರಟು ಮೈಯಲ್ಲಿ ಮಾಡುವ ಕಂಪನಿಗಳಿವೆ. ನಮ್ಮ ಹಾಲ್ ಟೈಲ್ಸ್‌ಗೆ ಅಂಥ ಜೋಡಿ ಇರಲಿಲ್ಲ. ಹಾಗಾಗಿ ಬೇರೆ ಕಂಪನಿಯದರಲ್ಲಿ ಆದಷ್ಟು ಹತ್ತಿರದ ಬಣ್ಣ ಹುಡುಕಿದೆವು. ಹಾಲ್ ಟೈಲ್‌ನ ಒಂದು ತುಂಡನ್ನು ಕೈಯಲ್ಲಿ ಹಿಡಿದು ಎರಡು ದಿನ ಸುತ್ತಿದೆವು. ಕೊನೆಗೆ ಒಂದು ಸಿಕ್ಕಿತು. ಅಂಗಡಿಯ ದೀಪದ ಕೆಳಗೆ ಪಕ್ಕಪಕ್ಕ ಇಟ್ಟರೆ ಅಕ್ಕತಂಗಿಯರ ಹಾಗೆ ಕಂಡವು. ಮನೆಯಾಕೆ ಆಗಲೇ ಆರ್ಡರ್ ಕೊಡಲು ಸಿದ್ಧವಾಗಿದ್ದರು. "ಎಲ್ಲ ಬೇಡ, 12 ಟೈಲ್ಸ್ ಮಾತ್ರ ತರೋಣ, ಸುಮ್ನೆ ಹಾಸಿ ನೋಡೋಣ" ಅಂದೆ. ಈ ಕೆಲಸದಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅದು.

ಮಾರನೇ ದಿನ ಬಾಗಿಲ ಹೊರಗೆ ಗಾರೆ, ಅಂಟು ಏನೂ ಇಲ್ಲದೆ ಅವನ್ನು ಹಾಸಿದೆವು. ಬಾಗಿಲು ಪೂರ್ತಿ ಸರಿಸಿ ಹಾಲ್‌ನ ನಡುವೆ ನಿಂತು ನೋಡಿದೆವು. ಮೂವರಿಗೂ ಏನೋ ಸರಿಯಿಲ್ಲ ಅನ್ನಿಸಿತು. ಏನು ಅಂತ ಹೇಳಲು ಬರಲಿಲ್ಲ. ಅಷ್ಟರಲ್ಲಿ ಅಮ್ಮ ಒಳಗಿನಿಂದ ಬಂದರು. ಒಂದು ಗಳಿಗೆ ನೋಡಿ ಮಗಳನ್ನು ಕೇಳಿದರು: "ಏನಮ್ಮಾ, ಒಳಗಿನ ಟೈಲ್ಸ್ ಸಾಲದೇ ಹೋಯ್ತಾ?"

ಅದೇ ಮಾತು. ಹೊರಗಿನ ನೆಲ ಸಾಲದ್ದಕ್ಕೆ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಬಣ್ಣ ತೀರಾ ಬೇರೆಯಾಗಿದ್ದರೆ ಯಾರೂ ಹಾಗೆ ಕೇಳುತ್ತಿರಲಿಲ್ಲ. ಬೇಕೆಂದೇ ಬೇರೆ ಹಾಕಿದ್ದಾರೆ ಅಂದುಕೊಳ್ಳುತ್ತಿದ್ದರು. ಒಂದೇ ಅನ್ನಿಸಲು ಹೊರಟು ಸ್ವಲ್ಪದರಲ್ಲಿ ತಪ್ಪಿದ್ದೇ ಕಣ್ಣಿಗೆ ಚುಚ್ಚುತ್ತಿತ್ತು.

ಅಂಗಡಿಯಲ್ಲಿ ಸರಿಹೋದದ್ದು ಇಲ್ಲಿ ಯಾಕೆ ತಪ್ಪಿತು? ಮೂರು ಕಾರಣ ಕಂಡವು. ಮೊದಲನೆಯದು ಮೈ. ಪಾಲಿಶ್ ಮೇಲ್ಮೈ ಬೆಳಕನ್ನು ಕನ್ನಡಿಯ ಹಾಗೆ ಒಂದೇ ಕಡೆಗೆ ಹಿಂದಿರುಗಿಸುತ್ತದೆ, ಕೆಳಗಿನ ಬಣ್ಣ ಗಾಢವಾಗಿ ಕಾಣುತ್ತದೆ. ಒರಟು ಮೇಲ್ಮೈ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ಅದೇ ಬಣ್ಣದ ಮೇಲೆ ತೆಳುವಾಗಿ ಸುಣ್ಣದ ಪುಡಿ ಉದುರಿಸಿದ ಹಾಗೆ ಪೇಲವವಾಗಿ ಕಾಣುತ್ತದೆ. ಎರಡನೆಯದು ಬೆಳಕು. ಬೆಳಕಿನ ಬಣ್ಣವನ್ನು ಕೆಲ್ವಿನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಏರಿದಷ್ಟೂ ನೀಲಿ. ಹಾಲ್‌ನಲ್ಲಿ 3000 ಕೆಲ್ವಿನ್‌ನ ಹಳದಿ ಬೆಳಕಿನ ದೀಪಗಳು. ಹೊರಗಿನ ಹಗಲು ಬೆಳಕು ಸುಮಾರು 5500ರಿಂದ 6500 ಕೆಲ್ವಿನ್, ನೀಲಿಯ ಕಡೆಗೆ ವಾಲಿದ್ದು. ನೆರಳಿನಲ್ಲಿ ಇನ್ನೂ ನೀಲಿ. ಅಂಗಡಿಯಲ್ಲಿ ಎರಡೂ ಟೈಲ್ಸ್ ಒಂದೇ ದೀಪದ ಕೆಳಗಿದ್ದವು. ಮನೆಯಲ್ಲಿ ಅವು ಎಂದಿಗೂ ಒಂದೇ ಬೆಳಕಿನಲ್ಲಿ ಇರುವುದಿಲ್ಲ.

ಮೂರನೆಯದು ಬಣ್ಣದೊಳಗಿನ ಛಾಯೆ, ಇದನ್ನು ನಾನು ಮೊದಲೇ ಗಮನಿಸಬೇಕಿತ್ತು. ಹಾಲ್‌ನ ಕೆನೆ ಬಣ್ಣ ಹಳದಿಯ ಕಡೆಯದು. ತಂದದ್ದು ಗುಲಾಬಿಯ ಕಡೆಯದು. ಒಂದು ಬಿಳಿ ಕಾಗದದ ಹಾಳೆಯನ್ನು ಎರಡರ ನಡುವೆ ಇಟ್ಟ ಕೂಡಲೇ ಅದು ಎದ್ದು ಕಂಡಿತು. ಕೆನೆ, ಬೂದು ಇಂಥ ಸಪ್ಪೆ ಬಣ್ಣಗಳಲ್ಲಿ ಛಾಯೆ ಅಡಗಿ ಕುಳಿತಿರುತ್ತದೆ. ಪಕ್ಕದಲ್ಲಿ ಅಚ್ಚ ಬಿಳಿ ಇಟ್ಟರೆ ಹೊರಬರುತ್ತದೆ. ಈಗ ನನ್ನ ಚೀಲದಲ್ಲಿ ಯಾವಾಗಲೂ ಒಂದು ಬಿಳಿ ಹಾಳೆ ಇರುತ್ತದೆ.

ತಿರುವು

ಆ ಸಂಜೆ ಮೇಸ್ತ್ರಿ ಬಂದಿದ್ದರು. ಅಳತೆ ನೋಡುತ್ತಾ ಬಾಗಿಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತರು. ಸಿಮೆಂಟ್ ನೆಲ ಮನೆಯ ಗೋಡೆಯನ್ನು ಮುಟ್ಟುವಲ್ಲಿ ಬಿರುಕಿತ್ತು. ಅದರೊಳಗೆ ಉಗುರು ತೂರಿಸಿ ತೋರಿಸಿದರು. "ನೋಡಿ ಮೇಡಂ, ಮನೆ ಪಾಯ ಬೇರೆ, ಈ ನೆಲ ಬೇರೆ. ಇವೆರಡೂ ಬೇರೆಬೇರೆ ಅಲ್ಲಾಡ್ತವೆ. ಇದರ ಮೇಲೆ ಒಂದೇ ಸಮ ಟೈಲ್ಸ್ ಎಳೆದರೆ ಇಲ್ಲೇ ಸೀಳುತ್ತೆ."

ಅವರು ಹೇಳಿದ್ದು ಪೂರ್ತಿ ಸರಿ. ಅಂಥ ಸಂದಿನ ಮೇಲೆ ಟೈಲ್ಸ್ ಮುಚ್ಚಿಬಿಡಬಾರದು, ಸಂದು ಮೇಲಿನವರೆಗೂ ಬರಬೇಕು. ಜೊತೆಗೆ ಹೊರಗಿನ ನೆಲ ಒಳಗಿನ ಮಟ್ಟದಲ್ಲಿ ಇರುವ ಹಾಗೂ ಇಲ್ಲ, ಮಳೆ ನೀರು ಒಳಗೆ ಬರುತ್ತದೆ. ಹೊರಗಿನ ನೆಲ ಇಳಿಜಾರಾಗಿರಲೇಬೇಕು, ಒಳಗಿನದು ಸಮತಟ್ಟಾಗಿರಲೇಬೇಕು. ಪಟ್ಟಿ ಮಾಡುತ್ತಾ ಹೋದ ಹಾಗೆ ನನಗೇ ಸ್ಪಷ್ಟವಾಯಿತು: ಇವು ಎರಡು ನೆಲಗಳು. ಒಂದೇ ಅಂತ ತೋರಿಸಲು ಹೊರಟಿದ್ದರಿಂದಲೇ ಪ್ರತಿ ಹೆಜ್ಜೆಗೂ ತೊಡಕು. ಎರಡು ಅಂತ ಒಪ್ಪಿಕೊಂಡು, ಅವುಗಳ ನಡುವೆ ನಂಟು ಕಟ್ಟಿದರೆ?

ಮನೆಯವರಿಗೆ ಇದನ್ನು ಒಪ್ಪಿಸಲು ಸಮಯ ಹಿಡಿಯಿತು. ಮನೆಯಾಕೆಗೆ ಬೇಸರವಾಯಿತು, ಅದು ಸಹಜ. ಎಷ್ಟೋ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡ ಚಿತ್ರ ಅದು. "ಹಾಗಾದರೆ ಏನು ಉಳಿಯುತ್ತೆ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಒಳಗಿನಿಂದ ಹೊರಗೆ ಏನನ್ನು ದಾಟಿಸಬೇಕು, ಏನನ್ನು ಬಿಡಬೇಕು ಅಂತ ಕೂತು ಮಾತಾಡಿದೆವು. ದಾಟಿಸಬೇಕಾದ್ದು ಎರಡೇ ಅಂತ ತೀರ್ಮಾನವಾಯಿತು. ಬಣ್ಣದ ಛಾಯೆ ಮತ್ತು ಸಂದಿನ ಗೆರೆ. ಹೊಳಪು, ಬಣ್ಣದ ಗಾಢತೆ, ಟೈಲ್‌ನ ಅಳತೆ, ಈ ಮೂರೂ ಬೇರೆಯಾಗಲಿ.

ಬಣ್ಣ ಸಿಕ್ಕ ಬಗೆ

ಹಾಲ್ ಟೈಲ್ಸ್‌ನ ಕಂದು ಗೆರೆಗಳ ವಿಷಯ ಹೇಳಿದೆನಲ್ಲ, ಹೊರಗಿನ ಬಣ್ಣವನ್ನು ಅಲ್ಲಿಂದ ಎತ್ತಿಕೊಂಡೆವು. ಒಳಗೆ ಗೆರೆಯಾಗಿ ಇರುವ ಬಣ್ಣ ಹೊರಗೆ ಇಡೀ ನೆಲವಾಗಿ ಹರಡಲಿ. ಆಗ ಎರಡೂ ಬೇರೆ ಅಂತ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ, ಒಂದಕ್ಕೊಂದು ಸಂಬಂಧ ಇದೆ ಅನ್ನುವುದೂ ಗೊತ್ತಾಗುತ್ತದೆ.

ಮೂರು ಸ್ಯಾಂಪಲ್ ತಂದೆವು. ತಿಳಿ ಕಂದು, ಅದಕ್ಕಿಂತ ಗಾಢವಾದ ಮಣ್ಣಿನ ಕಂದು, ಮತ್ತು ಯಜಮಾನರ ಇಷ್ಟದಂತೆ ಇದ್ದಿಲ ಕಪ್ಪು. ಮೂರನ್ನೂ ಬಾಗಿಲ ಹೊರಗೆ ಮೂರು ದಿನ ಬಿಟ್ಟೆವು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ದೀಪ ಹಾಕಿದ ಮೇಲೆ ನೋಡಬೇಕು. ಒಣಗಿದಾಗ ನೋಡಬೇಕು, ನೀರು ಹಾಕಿ ನೋಡಬೇಕು. ನೆಟ್ಟಗೆ ಕೈಯಲ್ಲಿ ಹಿಡಿದು ನೋಡಬಾರದು, ನೆಲದ ಮೇಲೆ ಮಲಗಿಸಿ, ಹಾಲ್‌ನ ಸೋಫಾದಲ್ಲಿ ಕೂತು ನೋಡಬೇಕು. ಆಮೇಲೆ ದಿನವೂ ನೋಡುವುದು ಅಲ್ಲಿಂದಲೇ ತಾನೇ.

ಇದ್ದಿಲ ಕಪ್ಪು ಮಧ್ಯಾಹ್ನ ಎರಡು ಗಂಟೆಗೇ ಪಟ್ಟಿಯಿಂದ ಬಿದ್ದುಹೋಯಿತು. ಯಜಮಾನರು ಅಂಗೈ ಇಟ್ಟು ಥಟ್ಟನೆ ತೆಗೆದರು. ಗಾಢ ಬಣ್ಣ ಬಿಸಿಲನ್ನು ಹೀರಿಕೊಳ್ಳುತ್ತದೆ, ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಮೇಲೆ ಕೂತ ಧೂಳು ಕೂಡ ಬೆಳ್ಳಗೆ ಕಾಣುತ್ತಿತ್ತು. ಮಣ್ಣಿನ ಕಂದು ಒಣಗಿದಾಗ ಚೆನ್ನಾಗಿತ್ತು, ಒದ್ದೆಯಾದರೆ ತೀರಾ ಕಪ್ಪಾಗುತ್ತಿತ್ತು. ಒರಟು ಮೈಯ ಟೈಲ್ಸ್ ನೀರು ಬಿದ್ದರೆ ಗಾಢವಾಗಿ ಕಾಣುವುದು ಸಾಮಾನ್ಯ, ನೀರು ಆ ಒರಟನ್ನು ತುಂಬಿ ಬೆಳಕು ಚೆದುರುವುದನ್ನು ಕಡಿಮೆ ಮಾಡುತ್ತದೆ. ತಿಳಿ ಕಂದು ಒದ್ದೆಯಾದಾಗ ಹಾಲ್‌ನ ಗೆರೆಯ ಬಣ್ಣಕ್ಕೆ ಸರಿಯಾಗಿ ಬಂದು ನಿಂತಿತು. ಬಿಳಿ ಹಾಳೆ ಇಟ್ಟು ನೋಡಿದೆವು, ಹಳದಿಯ ಕಡೆಯದೇ. ಆರ್-11. ನೀರು ಹೀರುವ ಪ್ರಮಾಣ 0.5 ಶೇಕಡಾಕ್ಕಿಂತ ಕಡಿಮೆ, ಅಂದರೆ ಪೋರ್ಸಲೇನ್ ವರ್ಗದ್ದು. ಅಳತೆ 600 x 600.

20 ಮಿ.ಮೀ. ದಪ್ಪದ ಟೈಲ್ಸ್ ಬೇಕಾ ಅಂತ ಯಜಮಾನರು ಕೇಳಿದ್ದರು. ಅದು ಜಲ್ಲಿಯ ಮೇಲೆ ಅಥವಾ ಸ್ಟ್ಯಾಂಡ್‌ಗಳ ಮೇಲೆ ಅಂಟಿಲ್ಲದೆ ಕೂರಿಸಲು. ಕಾಂಕ್ರೀಟ್ ಮೇಲೆ ಅಂಟಿಸುವುದಾದರೆ 10 ಮಿ.ಮೀ. ಆಸುಪಾಸಿನದು ಸಾಕು.

ಗೆರೆಯ ಲೆಕ್ಕ

ಒಳಗಿನ ಸಂದಿನ ಗೆರೆ ಹೊರಗೂ ನೇರ ಮುಂದುವರಿಯಬೇಕು ಅಂತ ತೀರ್ಮಾನವಾಗಿತ್ತು. ಕೇಳಲು ಸುಲಭ. ಒಳಗೆ ಬಾಗಿಲ ಉದ್ದಕ್ಕೆ ಟೈಲ್‌ನ 600ರ ಬದಿ ಇದೆ, ಹೊರಗೂ 600. ಆದರೆ ಒಳಗಿನ ಸಂದು 2 ಮಿ.ಮೀ. ಹೊರಗೆ ಬಿಸಿಲಿಗೆ ಹಿಗ್ಗಿ ಕುಗ್ಗುವುದು ಜಾಸ್ತಿ, ಮೇಸ್ತ್ರಿ 5 ಮಿ.ಮೀ.ಗಿಂತ ಕಡಿಮೆ ಮಾಡಲು ಒಪ್ಪಲಿಲ್ಲ. ಅಂದರೆ ಒಳಗೆ ಪ್ರತಿ 602ಕ್ಕೆ ಒಂದು ಗೆರೆ, ಹೊರಗೆ ಪ್ರತಿ 605ಕ್ಕೆ. ಟೈಲ್‌ಗೆ 3 ಮಿ.ಮೀ. ತಪ್ಪುತ್ತಾ ಹೋಗುತ್ತದೆ. ಪ್ಯಾಟಿಯೊದ ಒಂದು ಮೂಲೆಯಿಂದ ಶುರು ಮಾಡಿದರೆ ಎಂಟನೇ ಗೆರೆಗೆ 24 ಮಿ.ಮೀ. ವ್ಯತ್ಯಾಸ. ಯಾರ ಕಣ್ಣಿಗಾದರೂ ಬೀಳುತ್ತದೆ.

ಮೂಲೆಯಿಂದ ಶುರು ಮಾಡುವವರು ಎಷ್ಟೋ ಜನ. ಇಲ್ಲಿ ಅದನ್ನು ಬಿಟ್ಟು ಬಾಗಿಲ ನಡುವಿನ ಗೆರೆಯನ್ನು ಹಿಡಿದೆವು. ಒಳಗಿನ ಆ ಗೆರೆಗೆ ದಾರ ಕಟ್ಟಿ ಹೊರಗಿನ ಅಂಚಿನವರೆಗೆ ಎಳೆದು, ಅಲ್ಲಿಂದ ಎರಡೂ ಕಡೆಗೆ ಹೋದೆವು. ಆಗ ಬಾಗಿಲ ಅಗಲದೊಳಗೆ ಕಾಣುವ ಅತಿ ದೂರದ ಗೆರೆಯಲ್ಲಿ ತಪ್ಪುವುದು 6 ಮಿ.ಮೀ. ಮಾತ್ರ. ನಡುವೆ ಬಾಗಿಲ ಹಳಿ, ನೀರಿನ ಜಾಲರಿ ಇರುವುದರಿಂದ ಆ 6 ಮಿ.ಮೀ. ಗೊತ್ತೇ ಆಗುವುದಿಲ್ಲ.

ಎಡಗಡೆಯ ಅಂಚಿನಲ್ಲಿ 185 ಮಿ.ಮೀ.ನ ತುಂಡುಗಳ ಸಾಲು ಬಂತು. ಬಾಗಿಲು ಗೋಡೆಯ ನಟ್ಟನಡುವೆ ಇಲ್ಲದ್ದರಿಂದ ಹಾಗೆ. ಅದನ್ನು ಗಿಡದ ಕುಂಡಗಳ ಜಾಗ ಅಂತ ಮೊದಲೇ ಗೊತ್ತು ಮಾಡಿಕೊಂಡೆವು.

ಬಾಗಿಲ ಬುಡದಲ್ಲಿ ಉದ್ದಕ್ಕೂ ಸಣ್ಣ ಜಾಲರಿಯ ಚರಂಡಿ ಬಂತು. ಹೊರಗಿನ ನೆಲವನ್ನು ಹಾಲ್‌ಗಿಂತ 20 ಮಿ.ಮೀ. ಕೆಳಗೆ ಇಟ್ಟು, ಅಲ್ಲಿಂದ ಹೊರಗಡೆಗೆ ಮೀಟರ್‌ಗೆ 15 ಮಿ.ಮೀ. ಇಳಿಜಾರು. 3 ಮೀಟರ್‌ಗೆ 45 ಮಿ.ಮೀ. ಈ ಇಳಿಜಾರನ್ನು ಕೆಳಗಿನ ಕಾಂಕ್ರೀಟ್‌ನಲ್ಲೇ ಕೊಡಿಸಿದೆವು. ಟೈಲ್ಸ್ ಕೂರಿಸುವಾಗ ಅಂಟನ್ನು ದಪ್ಪ ತೆಳು ಮಾಡಿ ಇಳಿಜಾರು ತರಲು ಹೋಗಬಾರದು. ಮನೆ ಮತ್ತು ಪ್ಯಾಟಿಯೊ ನಡುವಿನ ಸಂದನ್ನು ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ ಗಾರೆ) ಬದಲು ಮೆತ್ತಗಿನ ಸೀಲೆಂಟ್‌ನಿಂದ ತುಂಬಿದೆವು. 5 ಮೀಟರ್ ಉದ್ದದ ನಡುವೆಯೂ ಅಂಥದೇ ಒಂದು ಹಿಗ್ಗುವ ಸಂದು. ಬಿಸಿಲಿಗೆ ಬಿದ್ದ ನೆಲದಲ್ಲಿ ಸುಮಾರು 2.4ರಿಂದ 3.7 ಮೀಟರ್‌ಗೊಮ್ಮೆ ಅದು ಇರಬೇಕು. ಬಾಗಿಲ ನಡುವಿನ ಗೆರೆಯ ಪಕ್ಕದ ಗೆರೆಯನ್ನೇ ಅದಕ್ಕೆ ಬಳಸಿ, ಗ್ರೌಟ್‌ನದೇ ಬಣ್ಣದ ಸೀಲೆಂಟ್ ತುಂಬಿದ್ದರಿಂದ ಬೇರೆ ಅಂತ ಕಾಣುವುದಿಲ್ಲ.

ಎತ್ತಿ ನೋಡಿದ ಟೈಲ್

ಕೆಲಸದ ಮೊದಲ ದಿನ ಹನ್ನೊಂದು ಗಂಟೆಯ ಹೊತ್ತಿಗೆ ನಾಲ್ಕು ಟೈಲ್ಸ್ ಕೂತಿದ್ದವು. ಮೇಸ್ತ್ರಿಯ ಜೊತೆ ಬಂದ ಹುಡುಗ ಹಿಂಬದಿಗೆ ಐದು ಕಡೆ ಅಂಟಿನ ಮುದ್ದೆ ಇಟ್ಟು ಒತ್ತುತ್ತಿದ್ದ. ನಾನು ಒಂದನ್ನು ಎತ್ತಿಸಿದೆ. ಹಿಂಬದಿಯಲ್ಲಿ ಐದು ದುಂಡು ಗುರುತು, ಉಳಿದದ್ದೆಲ್ಲ ಬರಿದು. ಮೂಲೆಗಳು ನಾಲ್ಕೂ ಟೊಳ್ಳು. ಮೇಲೆ ಕುರ್ಚಿಯ ಕಾಲು ಬಿದ್ದರೆ ಆ ಮೂಲೆ ಮುರಿಯುತ್ತದೆ, ಟೊಳ್ಳಿನಲ್ಲಿ ಮಳೆ ನೀರು ನಿಲ್ಲುತ್ತದೆ. ಹೊರಗಿನ ಟೈಲ್‌ನ ಹಿಂಬದಿ 95 ಶೇಕಡಾ ಅಂಟು ಮುಟ್ಟಿರಬೇಕು.

ಮೇಸ್ತ್ರಿ ಸಿಟ್ಟಾಗಲಿಲ್ಲ. ಹುಡುಗನನ್ನು ಕರೆದು ಹಲ್ಲಿನ ಕರಣೆ ಕೈಗೆ ಕೊಟ್ಟರು. ನೆಲಕ್ಕೆ ಒಂದೇ ದಿಕ್ಕಿನ ಗೀರುಗಳಲ್ಲಿ ಅಂಟು ಎಳೆದು, ಟೈಲ್‌ನ ಬೆನ್ನಿಗೂ ತೆಳುವಾಗಿ ಸವರಿ ಕೂರಿಸುವುದನ್ನು ತಾವೇ ಮಾಡಿ ತೋರಿಸಿದರು. ನಾಲ್ಕೂ ಟೈಲ್ಸ್ ತೆಗೆದು ಮತ್ತೆ ಕೂರಿಸಿದರು. ಎಷ್ಟೇ ಚೆನ್ನಾಗಿ ಬಣ್ಣ ಹೊಂದಿಸಿದರೂ ಆ ದಿನ ಎತ್ತಿ ನೋಡದಿದ್ದರೆ ಒಂದೆರಡು ಮಳೆಗಾಲದಲ್ಲಿ ಎಲ್ಲ ಹಾಳಾಗುತ್ತಿತ್ತು.

ಏನಾಯಿತು

ಬಾಗಿಲು ಸರಿಸಿದರೆ ಈಗ ಹಾಲ್ ದೊಡ್ಡದಾಗಿಯೇ ಕಾಣುತ್ತದೆ. ಗೆರೆ ಕಣ್ಣನ್ನು ಹೊರಗೆ ಕರೆದೊಯ್ಯುತ್ತದೆ. ಮನೆಯಾಕೆಗೆ ಬೇಕಾಗಿದ್ದು ಇದೇ. ನೆಲ ಒಂದೇ ಆಗದೆಯೂ ಅದು ಸಿಕ್ಕಿತು. ಮೊದಲ ದೊಡ್ಡ ಮಳೆಯ ದಿನ ಅವರು ಫೋನ್ ಮಾಡಿದ್ದರು. ಒಂದು ಹನಿಯೂ ಒಳಗೆ ಬಂದಿರಲಿಲ್ಲ. "ನೆಲ ಒದ್ದೆಯಾದಾಗ ಒಳಗಿನ ಗೆರೆಗಳು ಹೊರಗೆ ಹರಿದ ಹಾಗಿದೆ" ಅಂದರು.

ಎರಡು ಕಡೆ ನಾವು ತಪ್ಪಿದೆವು. ಮೊದಲನೆಯದು ಗ್ರೌಟ್. ಒಳಗಿನ ಸಂದಿನಲ್ಲಿ ಕೆನೆ ಬಣ್ಣ ಇದೆ ಅಂತ ಹೊರಗೂ ಅದನ್ನೇ ಹಾಕಿಸಿದೆ. ಗೆರೆ ಮುಂದುವರಿಯಬೇಕು ಅನ್ನುವ ಹುರುಪು. ಆರು ತಿಂಗಳಲ್ಲಿ ಕುಂಡಗಳ ಮಣ್ಣು, ಕೆಸರು ಕೂತು ತೇಪೆ ತೇಪೆಯಾಗಿ ಕಂದು ತಿರುಗಿತು. ಕೆರೆದು ತೆಗೆಸಿ ಟೈಲ್‌ಗಿಂತ ಒಂದು ಹಂತ ಗಾಢವಾದ ಕಂದು ಹಾಕಿಸಿದೆವು. ಗೆರೆ ಇದ್ದ ಜಾಗವೇ ಸಾಕಾಗಿತ್ತು, ಬಣ್ಣವೂ ಒಂದೇ ಇರಬೇಕಿರಲಿಲ್ಲ.

ಎರಡನೆಯದನ್ನು ಸರಿಮಾಡಲು ಆಗಲಿಲ್ಲ. ಲೆಕ್ಕಕ್ಕೆ 42 ಟೈಲ್ಸ್ ಬೇಕಿತ್ತು. ಒಂದು ಬಾಕ್ಸ್‌ಗೆ ನಾಲ್ಕು. ನಾನು 11 ಬಾಕ್ಸ್ ಸಾಕು ಅಂದೆ, 44 ಆಯಿತು. ಇಳಿಸುವಾಗ ಎರಡು ಒಡೆದವು, ಜಾಲರಿಯ ಅಂಚಿಗೆ ಕತ್ತರಿಸುವಾಗ ಮೂರು ಹೋದವು. ಕೊನೆಗೆ ಮೂರು ಕಡಿಮೆ ಬಿತ್ತು. ಮತ್ತೆ ತರಿಸಿದ ಬಾಕ್ಸ್‌ನ ಬ್ಯಾಚ್ ನಂಬರ್ ಬೇರೆ. ಒಂದೇ ಹೆಸರು, ಒಂದೇ ಮಾದರಿ, ಆದರೆ ಬೇರೆ ಸಲದ ಸುಡುವಿಕೆ. ಬಣ್ಣ ಒಂದೆಳೆ ಬೂದು. ಹತ್ತು ಶೇಕಡಾ ಜಾಸ್ತಿ ತರಿಸಬೇಕು ಅಂತ ಬೇರೆಯವರಿಗೆ ನಾನೇ ಹೇಳುತ್ತೇನೆ. ಒಡೆಯುವುದನ್ನೂ ನೆನೆದು ಇಲ್ಲಿ 13 ಬಾಕ್ಸ್ ಒಂದೇ ಬ್ಯಾಚ್‌ನಲ್ಲಿ ತರಿಸಿದ್ದರೆ ಕೆಲಸ ಮುಗಿದು ರಿಪೇರಿಗೂ ಕೆಲವು ಉಳಿಯುತ್ತಿದ್ದವು.

ಆ ಮೂರನ್ನು ಬಾಗಿಲಿನಿಂದ ಅತಿ ದೂರದ ಬಲ ಮೂಲೆಗೆ ಹಾಕಿದೆವು. ಒದ್ದೆಯಾದಾಗ ಗೊತ್ತಾಗುವುದಿಲ್ಲ. ಸಂಜೆಯ ಓರೆ ಬಿಸಿಲಿನಲ್ಲಿ ಗೊತ್ತಾಗುತ್ತದೆ. ಉಳಿದ ಒಂದು ಟೈಲ್‌ನ ಬೆನ್ನಿಗೆ ಪೆನ್ಸಿಲ್‌ನಲ್ಲಿ ಎರಡೂ ಬ್ಯಾಚ್ ನಂಬರ್ ಬರೆದು, ಹಾಲ್‌ನ ಹಳೆಯ ಎರಡು ಬಾಕ್ಸ್‌ಗಳ ಪಕ್ಕದಲ್ಲಿ ಇಟ್ಟು ಬಂದೆ.